ಷಡ್ಜ ನಿಲ್ಲದ ಸಂಗೀತ: ಬ್ರಯಾನ್ ಈನೋ ಅವರ ‘ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್’ ಕುರಿತು

ಬ್ರಯಾನ್ ಈನೋ 1978ರಲ್ಲಿ ಹೊರತಂದ ‘ಆಂಬಿಯೆಂಟ್ 1: ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್’ ಧ್ವನಿಮುದ್ರಿಕೆಯ ಬಗೆಗಿನ ಬರವಣಿಗೆ ಬಹುಮಟ್ಟಿಗೆ ಅವರ ಮಾತುಗಳ ಸುತ್ತಲೇ ಬೆಳೆದಿದೆ. ಈ ಬಗೆಯ ಸಂಗೀತ ಗಮನವಿಟ್ಟು ಕೇಳುವವರಿಗೂ ಕಿವಿಗೊಡದೆ ತಮ್ಮ ಪಾಡಿಗಿರುವವರಿಗೂ ಸಮನಾಗಿ ಒದಗಬೇಕೆಂದು ಮುದ್ರಿಕೆಯ ಟಿಪ್ಪಣಿಯಲ್ಲಿ ಅವರು ಬರೆದಿದ್ದರು. ಎರಡನೆಯ ಬಳಕೆಯನ್ನು ಜಗತ್ತು ಬೇಗ ಹಿಡಿದುಕೊಂಡಿತು. ನಿದ್ದೆಗೆ, ಓದಿಗೆ, ಧ್ಯಾನಕ್ಕೆ ಇದನ್ನು ಹಿನ್ನೆಲೆಯಾಗಿ ಹಾಕಿಕೊಳ್ಳುವವರು ಇಂದಿಗೂ ಅಸಂಖ್ಯ. ಹೀಗಾಗಿ ‘ನೆಮ್ಮದಿಯ ಸಂಗೀತ’ ಎಂಬ ಹಣೆಪಟ್ಟಿ ಅಂಟಿಕೊಂಡಿದೆ. ಇದರ ಎರಡನೆಯ ಕೃತಿಯನ್ನು ಕೂತು ಆಲಿಸಿದರೆ ಆ ಹಣೆಪಟ್ಟಿ ನಿಲ್ಲುವುದಿಲ್ಲ ಎಂಬುದು ಈ ಲೇಖನದ ವಾದ. ಅಲ್ಲಿರುವುದು ನೆಲೆ ಸಿಗದ ಸ್ಥಿತಿ. ಅದಕ್ಕೆ ಕಾರಣ ಸ್ವರಗಳ ಆಯ್ಕೆಯಲ್ಲೇ ಇದೆ.

ಮುದ್ರಿಕೆಯಲ್ಲಿ ನಾಲ್ಕು ಕೃತಿಗಳಿವೆ. ಅವುಗಳಿಗೆ ಹೆಸರಿಲ್ಲ, 1/1, 2/1, 1/2, 2/2 ಎಂಬ ಅಂಕಿಗಳಷ್ಟೇ ಇವೆ. ಮೊದಲನೆಯದು ರಾಬರ್ಟ್ ವ್ಯಾಟ್ ನುಡಿಸಿದ ಪಿಯಾನೋ ತುಣುಕುಗಳನ್ನು ಆಧರಿಸಿದ್ದು. ಕೊನೆಯದು ಸಿಂಥಸೈಜರ್ ಒಂದರಿಂದಲೇ ಹುಟ್ಟಿದ್ದು. ಮೂರನೆಯದು ಪಿಯಾನೋ ಮತ್ತು ಕಂಠಧ್ವನಿಗಳನ್ನು ಬೆರೆಸುತ್ತದೆ. 2/1ರಲ್ಲಿ ಮಾತ್ರ ಕಂಠವಲ್ಲದೆ ಬೇರೇನೂ ಇಲ್ಲ: ಕ್ರಿಸ್ಟಾ ಫಾಸ್ಟ್, ಕ್ರಿಸ್ಟೀನ್ ಗೋಮೆಜ್, ಇಂಗೆ ಜೈನಿಂಗರ್ ಎಂಬ ಮೂವರು ಗಾಯಕಿಯರ ಜತೆ ಈನೋ ಅವರ ದನಿಯೂ ಸೇರಿದೆ. ಸಾಹಿತ್ಯವಿಲ್ಲ, ಬರಿಯ ಅಕಾರ.

ರಚನೆಯ ವಿಧಾನ ಸರಳ. ಒಂದೊಂದು ಸ್ವರವನ್ನೂ ಹಾಡಿಸಿ ಟೇಪಿಗೆ ಹಿಡಿದು, ಆ ಟೇಪಿನ ಎರಡು ತುದಿಗಳನ್ನು ಅಂಟಿಸಿ ಲೂಪ್ ಮಾಡಲಾಯಿತು. ಲೂಪುಗಳು ಎಷ್ಟು ಉದ್ದವಾಗಿದ್ದವೆಂದರೆ, ಜರ್ಮನಿಯಲ್ಲಿ ಕೋನಿ ಪ್ಲಾಂಕ್ ಅವರ ಸ್ಟುಡಿಯೋದ ಅಲ್ಯೂಮಿನಿಯಂ ಕುರ್ಚಿಗಳ ಕಾಲುಗಳನ್ನು ಸುತ್ತುವರಿದು ಟೇಪು ಓಡುತ್ತಿತ್ತು. ಒಂದೊಂದರ ಉದ್ದವೂ ಬೇರೆ. 1996ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಮಾಡಿದ ಭಾಷಣದಲ್ಲಿ ಈನೋ ನೆನಪಿನಿಂದ ಮೂರು ಲೆಕ್ಕ ಕೊಟ್ಟರು: ಒಂದು ಸ್ವರ 23½ ಸೆಕೆಂಡಿಗೊಮ್ಮೆ, ಇನ್ನೊಂದು 25⅞ ಸೆಕೆಂಡಿಗೊಮ್ಮೆ, ಮತ್ತೊಂದು 29 15/16 ಸೆಕೆಂಡಿಗೊಮ್ಮೆ ಮರಳುತ್ತದೆ. ಈ ಅಂಕಿಗಳ ಲಘುತಮ ಸಾಮಾನ್ಯ ಅಪವರ್ತ್ಯ ತೆಗೆದರೆ, ಮೂರೂ ಲೂಪುಗಳು ಹೊರಟ ಸ್ಥಿತಿಗೆ ಒಟ್ಟಿಗೆ ಮರಳಲು ಸುಮಾರು 27 ದಿನ ಬೇಕು. ಕೃತಿಯ ಅವಧಿಯಾದರೋ ಒಂಬತ್ತು ನಿಮಿಷದ ಆಸುಪಾಸು.

ಆದರೆ ಈ ಲೆಕ್ಕವನ್ನು ಸಂಶೋಧಕರು ಹಾಗೆಯೇ ಒಪ್ಪಿಕೊಳ್ಳುವಂತಿಲ್ಲ. ಅವು ಅಂದಾಜು ಎಂದು ಈನೋ ಅವರೇ ಹೇಳಿದ್ದರು. ಮುದ್ರಿಕೆಯನ್ನೇ ಅಳೆದರೆ 2/1ರ ಸ್ವರಗಳು ಸ್ಥೂಲವಾಗಿ 17ರಿಂದ 22 ಸೆಕೆಂಡುಗಳ ಒಳಗೆ ಮರಳುತ್ತವೆ. ಕೇಳುಗನಿಗೆ ಮುಖ್ಯವಾಗುವುದು ಜೋಡಿ ಸ್ವರಗಳ ನಡುವಿನ ಜಾರುವಿಕೆ. 20 ಸೆಕೆಂಡಿನ ಮತ್ತು 18 ಸೆಕೆಂಡಿನ ಎರಡು ಲೂಪುಗಳು ಒಟ್ಟಿಗೆ ಹೊರಟವೆನ್ನಿ. ಪ್ರತಿ ಸುತ್ತಿಗೆ ಎರಡು ಸೆಕೆಂಡು ದೂರವಾಗುತ್ತಾ ಹೋಗಿ, ಮೂರು ನಿಮಿಷಕ್ಕೆ ಮತ್ತೆ ಜತೆಗೂಡುತ್ತವೆ. ನಡುವೆ 19 ಸೆಕೆಂಡಿನ ಮೂರನೆಯದೊಂದನ್ನು ತಂದರೆ ಮೂರೂ ಸೇರಲು 57 ನಿಮಿಷ ಹಿಡಿಯುತ್ತದೆ. ಒಂಬತ್ತು ನಿಮಿಷದಲ್ಲಿ ಜೋಡಿಗಳು ಕೂಡಿ ಅಗಲುವುದು ಕಿವಿಗೆ ಬೀಳುತ್ತದೆ, ಪೂರ್ಣ ಆವರ್ತನ ಎಂದೂ ಬೀಳುವುದಿಲ್ಲ. ನಮ್ಮ ತಾಳದ ಆವರ್ತಕ್ಕೆ ಒಗ್ಗಿದ ಕಿವಿ ಇಲ್ಲಿ ಸಮಕ್ಕಾಗಿ ಕಾದು ಸೋಲುತ್ತದೆ. ಕೆಲವೊಮ್ಮೆ ಎಲ್ಲ ಸ್ವರಗಳೂ ಹಿಂದೆ ಸರಿದು ನಿಶ್ಶಬ್ದ ಉಳಿಯುತ್ತದೆ, ಅದು ಎಷ್ಟು ಹೊತ್ತು ಇರುತ್ತದೆಂಬ ಸುಳಿವು ಎಲ್ಲೂ ಸಿಗುವುದಿಲ್ಲ.

ಈ ತಂತ್ರಕ್ಕೆ ಪೂರ್ವನಿದರ್ಶನವಿದೆ. ಸ್ಟೀವ್ ರೈಕ್ 1965ರಲ್ಲಿ ಒಂದೇ ಧ್ವನಿತುಣುಕಿನ ಎರಡು ಲೂಪುಗಳು ನಿಧಾನವಾಗಿ ಕದಲುವಂತೆ ಮಾಡಿದ್ದರು. ಈನೋ ಇದನ್ನು ಮುಚ್ಚಿಟ್ಟವರಲ್ಲ. ಅದೇ ಕಾಲದ ಅಮೆರಿಕದ ಇನ್ನೊಂದು ಧಾರೆ ಬೇರೆ ದಾರಿ ಹಿಡಿದಿತ್ತು. ಲಾ ಮಾಂಟೆ ಯಂಗ್, ಟೆರ್ರಿ ರೈಲಿ 1970ರಲ್ಲಿ ಕಿರಾನಾ ಘರಾನೆಯ ಪಂಡಿತ್ ಪ್ರಾಣನಾಥರ ಶಿಷ್ಯರಾದರು. ಕುಂದಗೋಳದ ಸವಾಯಿ ಗಂಧರ್ವರ ಮೂಲಕ ಧಾರವಾಡ ಸೀಮೆಯಲ್ಲಿ ಬೇರುಬಿಟ್ಟದ್ದೂ ಇದೇ ಘರಾನೆ. ಯಂಗ್ ಅವರ ಸಂಗೀತ ಎಡೆಬಿಡದೆ ಮಿಡಿಯುವ ಆಧಾರಶ್ರುತಿಯ ಮೇಲೆ ನಿಂತಿದೆ. 2/1 ಆ ಆಧಾರವನ್ನೇ ತೆಗೆದುಹಾಕುತ್ತದೆ.

ಹೇಗೆ ಎಂಬುದನ್ನು ಹಾರ್ಮೋನಿಯಂ ಮುಂದಿಟ್ಟುಕೊಂಡು ನೋಡಬಹುದು. ಕೃತಿಯಲ್ಲಿ ಕೇಳುವ ಸ್ಥಾನಗಳು ಏಳು. ಕೆಳಗಿನಿಂದ ಮೇಲಕ್ಕೆ: ಬಿಳಿ 4, ಕಪ್ಪು 4, ಮೇಲಿನ ಬಿಳಿ 1, ಕಪ್ಪು 1, ಕಪ್ಪು 2, ಬಿಳಿ 4, ಕಪ್ಪು 4. ಕಪ್ಪು 1ನ್ನು ಷಡ್ಜವಾಗಿಟ್ಟುಕೊಂಡರೆ ಸ್ವರಗಳು ಸ, ಚತುಶ್ರುತಿ ರಿಷಭ, ಅಂತರ ಗಾಂಧಾರ, ಪಂಚಮ, ಕಾಕಲಿ ನಿಷಾದ, ಅಂದರೆ ಹಂಸಧ್ವನಿಯ ಐದು ಸ್ವರಗಳು. ಕಪ್ಪು 4ರ ಕಡೆಗೆ ಷಡ್ಜವನ್ನು ಸರಿಸಿದರೆ ಗ್ರಹಭೇದವಾಗಿ ಇವೇ ಸ್ವರಗಳು ನಾಗಸ್ವರಾವಳಿಯವಾಗುತ್ತವೆ. ಇದನ್ನು ಹಂಸಧ್ವನಿ ರಾಗ ಎನ್ನಲು ನಾನು ಸಿದ್ಧನಿಲ್ಲ. ಗಮಕವಿಲ್ಲ, ಸಂಚಾರವಿಲ್ಲ, ಸ್ವರಗಳ ಕ್ರಮವನ್ನು ಯಾರೂ ನಿರ್ಧರಿಸಿಲ್ಲ. ಸ್ವರಪಟ್ಟಿ ಹೊಂದಿದ ಮಾತ್ರಕ್ಕೆ ಪಾಶ್ಚಾತ್ಯ ಕೃತಿಗಳಲ್ಲಿ ನಮ್ಮ ರಾಗಗಳನ್ನು ಕಂಡುಕೊಳ್ಳುವ ಚಾಳಿ ಸಂಗೀತಶಾಸ್ತ್ರಕ್ಕೆ ಉಪಕಾರ ಮಾಡಿಲ್ಲ. ಇಲ್ಲಿ ಗ್ರಹಭೇದದ ಪರಿಕಲ್ಪನೆ ಮಾತ್ರ ನಿಜವಾಗಿ ಉಪಯುಕ್ತ.

ಏಕೆಂದರೆ ಈನೋ ಸ್ವರಗಳನ್ನು ಹಂಚಿರುವ ರೀತಿ ನೋಡಿ. ಕಪ್ಪು 1 ಷಡ್ಜ ಎಂದಾದರೆ ಅದು ಬರುವುದು ಒಂದೇ ಸ್ಥಾಯಿಯಲ್ಲಿ, ಅದೂ ನಡುವೆ. ಗಾಂಧಾರ ಮತ್ತು ಪಂಚಮ ಎರಡೆರಡು ಸ್ಥಾಯಿಗಳಲ್ಲಿವೆ. ಎಲ್ಲಕ್ಕಿಂತ ಕೆಳಗೆ ಕೂತಿರುವುದು ಗಾಂಧಾರ. ಕೆಳಗಿನ ಸ್ವರವನ್ನೇ ನೆಲವೆಂದು ಹಿಡಿಯುವ ಕಿವಿ ಒಮ್ಮೆ ಅದರ ಮೇಲೆ ನಿಲ್ಲುತ್ತದೆ. ಮುಂದಿನ ಸುತ್ತಿಗೆ ಪಂಚಮ ಮೊದಲು ಬಂದರೆ ಅದೇ ಷಡ್ಜವೆನಿಸುತ್ತದೆ. ಬಿಳಿ 1 ಮತ್ತು ಕಪ್ಪು 1 ಒಂದರ ಮೇಲೊಂದು ಬಿದ್ದಾಗ ಅರ್ಧಸ್ವರದ ತಿಕ್ಕಾಟ ಕೇಳಿಸುತ್ತದೆ. ಅದು ಹಿತವಲ್ಲ, ಹಿತವಾಗಿರಲೆಂಬ ಉದ್ದೇಶವೂ ಇದ್ದಂತಿಲ್ಲ.

ಈ ಅನಿಶ್ಚಯ ಕೃತಿಯ ಉದ್ದೇಶಕ್ಕೆ ಹೊಂದುತ್ತದೆ. ಕೊಲೋನ್ ವಿಮಾನ ನಿಲ್ದಾಣದಲ್ಲಿ ಕಾಯುತ್ತಾ ಕೂತಾಗ ಅಲ್ಲಿನ ಸಂಗೀತ ಸಹಿಸಲಾಗದೆ ಈನೋ ಈ ಯೋಚನೆಗೆ ಬಿದ್ದರು. ನಿಲ್ದಾಣದ ಉಲ್ಲಾಸದ ಸಂಗೀತ ‘ಏನೂ ಆಗುವುದಿಲ್ಲ’ ಎಂದು ಸುಳ್ಳು ಹೇಳುತ್ತದೆ, ಹಾರುವವನ ಮನಸ್ಸಿನಲ್ಲಿ ಸಾವಿನ ಯೋಚನೆ ಇರುತ್ತದೆ, ಸಂಗೀತ ಅದಕ್ಕೆ ಜಾಗ ಕೊಡಬೇಕು ಎಂಬುದು ಅವರ ನಿಲುವು. ಷಡ್ಜವನ್ನು ಖಚಿತವಾಗಿ ಕೊಟ್ಟಿದ್ದರೆ ಕೃತಿ ಅದೇ ಭರವಸೆಯನ್ನು ಇನ್ನೊಂದು ಬಗೆಯಲ್ಲಿ ಕೊಟ್ಟಂತಾಗುತ್ತಿತ್ತು. 1980ರಲ್ಲಿ ನ್ಯೂಯಾರ್ಕಿನ ಲಾಗ್ವಾರ್ಡಿಯಾ ನಿಲ್ದಾಣದ ಮರೀನ್ ಟರ್ಮಿನಲ್‌ನಲ್ಲಿ ಇದನ್ನು ಪ್ರಯಾಣಿಕರಿಗೆ ಕೇಳಿಸಲಾಯಿತು.

ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ಲೂಪುಗಳ ಓಟಕ್ಕೆ ಕೊನೆಯಿಲ್ಲ, ಮುದ್ರಿಕೆ ಅದರ ಒಂದು ತುಂಡನ್ನು ಕಾಯಂ ಮಾಡಿಟ್ಟಿದೆ. ಮತ್ತೆ ಮತ್ತೆ ಕೇಳಿದವರಿಗೆ ಯಾವ ಸ್ವರದ ಹಿಂದೆ ಯಾವುದು ಎಂಬುದು ಬಾಯಿಪಾಠವಾಗಿಬಿಡುತ್ತದೆ. ನಿಜ. ಆದರೂ ಷಡ್ಜದ ಪ್ರಶ್ನೆ ಬಗೆಹರಿಯುವುದಿಲ್ಲ. ಕ್ರಮ ಗೊತ್ತಾದ ಮೇಲೂ ನೆಲೆ ಗೊತ್ತಾಗದೆ ಉಳಿಯುವುದೇ ಈ ಕೃತಿಯ ಸತ್ವ. ನಾಲ್ಕರಲ್ಲಿ 2/1 ಮಿಗಿಲೆಂದು ನಾನು ಎಣಿಸುವುದೂ ಇದಕ್ಕೇ. 1/1ರ ಪಿಯಾನೋ ಮನಸ್ಸನ್ನು ಬೇಗ ಗೆಲ್ಲುತ್ತದೆ, ಆದರೆ ತನ್ನ ಮನೆ ಎಲ್ಲಿ ಎಂದು ಅದು ಮೊದಲೇ ಹೇಳಿಬಿಡುತ್ತದೆ.

ಶ್ರುತಿಜ್ಞಾನವಿರುವ ಓದುಗರಲ್ಲಿ ಒಂದು ವಿನಂತಿ. ತಂಬೂರಿಯನ್ನಾಗಲಿ ಶ್ರುತಿಪೆಟ್ಟಿಗೆಯನ್ನಾಗಲಿ ಹಾಕಿಕೊಳ್ಳದೆ 2/1ನ್ನು ಪೂರ್ತಿ ಕೇಳಿ, ಪ್ರತಿ ನಿಮಿಷಕ್ಕೊಮ್ಮೆ ನಿಮಗೆ ಷಡ್ಜ ಎಲ್ಲಿ ತೋರಿತೆಂದು ಬರೆದಿಟ್ಟುಕೊಳ್ಳಿ. ಕರ್ನಾಟಕ ಮತ್ತು ಹಿಂದೂಸ್ತಾನಿ ಪದ್ಧತಿಗಳಲ್ಲಿ ಪಳಗಿದ ಕಿವಿಗಳು ಬೇರೆ ಬೇರೆ ಉತ್ತರ ಕೊಟ್ಟರೆ ಅದೇ ಮುಂದಿನ ಅಧ್ಯಯನಕ್ಕೆ ಸಾಮಗ್ರಿಯಾಗುತ್ತದೆ.