ಅಂಚೆಯಲ್ಲಿ ಪಾರ್ಸೆಲ್ ಕಳೆದರೆ ವಸ್ತುವಿನ ಪೂರ್ತಿ ಬೆಲೆ ಸಿಗುತ್ತದೆಯೇ? ಆನ್‌ಲೈನ್ ಮಾರಾಟಗಾರರಿಗೆ ಗೊತ್ತಿರಬೇಕಾದ ಲೆಕ್ಕ

"ಸ್ಪೀಡ್ ಪೋಸ್ಟ್ ಪಾರ್ಸೆಲ್ ಕಳೆದರೆ ಅಂಚೆ ಇಲಾಖೆ ವಸ್ತುವಿನ ಪೂರ್ತಿ ಬೆಲೆ ಕೊಡಲೇಬೇಕು, ಬಿಲ್ ತೋರಿಸಿದರೆ ಸಾಕು." ಮನೆಯಿಂದಲೇ ಸೀರೆ, ಒಡವೆ, ಉಪ್ಪಿನಕಾಯಿ ಮಾರುವವರ ವಾಟ್ಸಾಪ್ ಗುಂಪುಗಳಲ್ಲಿ ಈ ಅರ್ಥದ ಮಾತು ಆಗಾಗ ಬರುತ್ತದೆ. "ಕಳೆದರೆ ಸಾವಿರ ರೂಪಾಯಿ ಗ್ಯಾರಂಟಿ" ಎನ್ನುವವರೂ ಇದ್ದಾರೆ. "ಸರ್ಕಾರಿ ಇಲಾಖೆ, ಒಂದು ಪೈಸೆಯೂ ಹುಟ್ಟಲ್ಲ, ದೂರು ಕೊಡೋದು ದಂಡ" ಎನ್ನುವವರಂತೂ ಬಹಳ. ಈ ಮೂರೂ ಸರಿಯಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಇಳಕಲ್‌ನಿಂದ ಒಬ್ಬರು 3,800 ರೂಪಾಯಿಯ ಸೀರೆಯನ್ನು ಪುಣೆಯ ಗ್ರಾಹಕರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿದರು ಎಂದುಕೊಳ್ಳಿ. ಕೌಂಟರ್‌ನಲ್ಲಿ ಕಟ್ಟಿದ ಶುಲ್ಕ 90 ರೂಪಾಯಿ. ಇನ್ಶೂರೆನ್ಸ್ ಮಾಡಿಸಿಲ್ಲ. ಸೀರೆ ದಾರಿಯಲ್ಲಿ ಎಲ್ಲೋ ಕಾಣೆಯಾಯಿತು. ಅವರಿಗೆ ಸಿಗುವುದು 3,800 ಅಲ್ಲ, 1,000ವೂ ಅಲ್ಲ, 180 ರೂಪಾಯಿ.

ಈ 180 ಎಲ್ಲಿಂದ ಬಂತು?

ಸ್ಪೀಡ್ ಪೋಸ್ಟ್ ಪರಿಹಾರಕ್ಕೆ ಇಲಾಖೆ ಅನುಸರಿಸಿಕೊಂಡು ಬಂದಿರುವ ಸೂತ್ರ 1933ರ ಅಂಚೆ ನಿಯಮಗಳ 66ಬಿ ನಿಯಮದ್ದು. ತಲುಪುವುದು ತಡವಾದರೆ ಕಟ್ಟಿದ ಸ್ಪೀಡ್ ಪೋಸ್ಟ್ ಶುಲ್ಕ ವಾಪಸ್. ಪಾರ್ಸೆಲ್ ಕಳೆದರೆ, ಒಳಗಿನ ವಸ್ತು ಕಾಣೆಯಾದರೆ ಅಥವಾ ಹಾಳಾದರೆ ಶುಲ್ಕದ ಎರಡು ಪಟ್ಟು ಅಥವಾ 1,000 ರೂಪಾಯಿ, "ಯಾವುದು ಕಡಿಮೆಯೋ ಅದು". ಫಾರ್ವರ್ಡ್ ಮಾಡುವವರು ಬಿಟ್ಟುಬಿಡುವುದು ಈ ಕೊನೆಯ ಮಾತನ್ನು. ಸಾವಿರ ಎಂಬುದು ಗರಿಷ್ಠ ಮಿತಿ. 90ರ ಎರಡು ಪಟ್ಟು 180, ಅದು ಸಾವಿರಕ್ಕಿಂತ ಕಡಿಮೆ, ಆದ್ದರಿಂದ ಅಷ್ಟೇ. ಗಮನಿಸಿ, ಈ ಲೆಕ್ಕದಲ್ಲಿ ಸೀರೆಯ ಬೆಲೆ ಎಲ್ಲೂ ಬರುವುದೇ ಇಲ್ಲ. ಒಳಗೆ ರೇಷ್ಮೆ ಸೀರೆ ಇದ್ದರೂ ಹಳೇ ಪತ್ರಿಕೆ ಇದ್ದರೂ ಉತ್ತರ ಒಂದೇ.

ಇದು ಅನ್ಯಾಯ ಅನ್ನಿಸಬಹುದು. ಆದರೆ ಇದರ ಹಿಂದೆ ಕಾನೂನಿನ ಬಲವಿದೆ. 1898ರ ಭಾರತೀಯ ಅಂಚೆ ಕಚೇರಿ ಕಾಯ್ದೆಯ 6ನೇ ಕಲಂ, ಸರ್ಕಾರ ತಾನಾಗಿ ಸ್ಪಷ್ಟವಾಗಿ ಒಪ್ಪಿಕೊಂಡಷ್ಟು ಹೊಣೆ ಬಿಟ್ಟು ಉಳಿದ ನಷ್ಟಕ್ಕೆ ಇಲಾಖೆ ಜವಾಬ್ದಾರಿಯಲ್ಲ ಎಂದಿತ್ತು. ಆ ಹಳೇ ಕಾಯ್ದೆ ಹೋಗಿ 2023ರ ಹೊಸ ಅಂಚೆ ಕಚೇರಿ ಕಾಯ್ದೆ 2024ರ ಜೂನ್ 18ರಿಂದ ಜಾರಿಗೆ ಬಂತು. "ಹೊಸ ಕಾನೂನು ಬಂದಿದೆ, ಇನ್ನು ಪೂರ್ತಿ ಪರಿಹಾರ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹೊಸ ಕಾಯ್ದೆಯ 10ನೇ ಕಲಂ ಕೂಡ ಹೆಚ್ಚುಕಡಿಮೆ ಅದನ್ನೇ ಹೇಳುತ್ತದೆ: ನಿಯಮದಲ್ಲಿ ಗೊತ್ತುಪಡಿಸಿದ ಹೊಣೆ ಮಾತ್ರ. ಸಿಬ್ಬಂದಿ ಮೋಸ ಮಾಡಿದ್ದರೆ ಅಥವಾ ಬೇಕೆಂದೇ ನಷ್ಟ ಉಂಟುಮಾಡಿದ್ದರೆ ಆ ಸಿಬ್ಬಂದಿ ಹೊಣೆಯಾಗುತ್ತಾರೆ. ಆದರೆ ಅದನ್ನು ಸಾಬೀತು ಮಾಡಬೇಕಾದವರು ನೀವು. "ಯಾರೋ ಕದ್ದಿರಬೇಕು" ಎಂಬ ಅನುಮಾನ ಅಲ್ಲಿ ನಡೆಯುವುದಿಲ್ಲ.

ಹಾಗಾದರೆ ಪೂರ್ತಿ ಬೆಲೆ ಸಿಗುವ ದಾರಿಯೇ ಇಲ್ಲವೇ?

ಇದೆ, ಆದರೆ ಅದು ಪಾರ್ಸೆಲ್ ಕಳೆದ ಮೇಲೆ ಅಲ್ಲ, ಬುಕ್ ಮಾಡುವಾಗಲೇ ತೆರೆದು ಮುಚ್ಚುವ ದಾರಿ. ವಸ್ತುವಿನ ಬೆಲೆ ಘೋಷಿಸಿ ಇನ್ಶೂರೆನ್ಸ್ ಮಾಡಿಸಿದರೆ, ಘೋಷಿಸಿದ ಮೊತ್ತದ ಮಿತಿಯಲ್ಲಿ ನಿಜವಾದ ನಷ್ಟ ಸಿಗುತ್ತದೆ. ಸ್ಪೀಡ್ ಪೋಸ್ಟ್‌ಗೆ ಈ ಮಿತಿ 1 ಲಕ್ಷ ರೂಪಾಯಿ. 500ರ ವಸ್ತುವಿಗೆ 5,000 ಎಂದು ಬರೆಸಿದರೆ 5,000 ಬರುವುದಿಲ್ಲ. ಬಿಲ್ ಕೇಳುತ್ತಾರೆ. ಪ್ಯಾಕಿಂಗ್ ಸರಿಯಿಲ್ಲದೆ ಉಪ್ಪಿನಕಾಯಿ ಬಾಟಲಿ ಒಡೆದರೆ ಅದೂ ನಿಮ್ಮ ತಲೆಗೇ.

ಇಲಾಖೆ ಹಲವು ವರ್ಷಗಳಿಂದ ಪ್ರಕಟಿಸಿರುವ ಇನ್ಶೂರೆನ್ಸ್ ದರ ಹೀಗಿದೆ: ಮೊದಲ 200 ರೂಪಾಯಿ ಮೌಲ್ಯಕ್ಕೆ 10 ರೂಪಾಯಿ, ನಂತರದ ಪ್ರತಿ 100ಕ್ಕೆ 6 ರೂಪಾಯಿ. ಬುಕ್ ಮಾಡುವ ದಿನ ಕೌಂಟರ್‌ನಲ್ಲಿ ದರವನ್ನು ಒಮ್ಮೆ ಕೇಳಿಕೊಳ್ಳಿ. ಈ ದರದಲ್ಲಿ 3,800ರ ಸೀರೆಗೆ 226 ರೂಪಾಯಿ ಬೀಳುತ್ತದೆ. 90 ರೂಪಾಯಿಯ ಅಂಚೆಗೆ 226ರ ಇನ್ಶೂರೆನ್ಸ್! ಬಹಳಷ್ಟು ಜನ ಇಲ್ಲಿಗೇ ಬೇಡ ಅಂದುಬಿಡುತ್ತಾರೆ, ಅದರಲ್ಲಿ ಅರ್ಥವೂ ಇದೆ. ನೂರು ಸೀರೆಗೆ ಇನ್ಶೂರೆನ್ಸ್ ಮಾಡಿಸಿದರೆ 22,600 ರೂಪಾಯಿ, ಅಂದರೆ ಸುಮಾರು ಆರು ಸೀರೆಯ ಬೆಲೆ. ನಿಮ್ಮ ಅನುಭವದಲ್ಲಿ ನೂರಕ್ಕೆ ಒಂದು ಕಳೆಯುತ್ತಿದ್ದರೆ, ಆ ಹಣವನ್ನು ಇಲಾಖೆಗೆ ಕಟ್ಟುವ ಬದಲು ಪ್ರತಿ ಪಾರ್ಸೆಲ್‌ಗೆ ನಲವತ್ತು ಐವತ್ತು ರೂಪಾಯಿ ನೀವೇ ತೆಗೆದಿಡುವುದು ಲಾಭ. ಕಳೆದ ಒಂದು ಸೀರೆ ಆ ಡಬ್ಬಿಯಿಂದಲೇ ತುಂಬಿಬರುತ್ತದೆ. ಆದರೆ ತಿಂಗಳಿಗೆ ನಾಲ್ಕೇ ಪಾರ್ಸೆಲ್ ಕಳಿಸುವವರು, ಅದರಲ್ಲೊಂದು 30,000ದ ರೇಷ್ಮೆ ಸೀರೆ ಎಂದಾದರೆ ಲೆಕ್ಕ ತಿರುಗುತ್ತದೆ. ಅದೊಂದು ಹೋದರೆ ವ್ಯಾಪಾರವೇ ನಿಂತುಹೋಗಬಹುದು. ಅಂಥದ್ದಕ್ಕೆ ಇನ್ಶೂರೆನ್ಸ್ ಬೇಕೇ ಬೇಕು.

ಪಾರ್ಸೆಲ್ ಕಾಣೆಯಾದಾಗ ಮಾಡಬೇಕಾದದ್ದು

ಮೊದಲನೆಯದು ರಸೀದಿ. ಕೌಂಟರ್‌ನಲ್ಲಿ ಕೊಡುವ ರಸೀದಿಯ ಅಕ್ಷರ ಕೆಲವೇ ತಿಂಗಳಲ್ಲಿ ಅಳಿಸಿಹೋಗುವುದುಂಟು, ಆದ್ದರಿಂದ ಕೈಗೆ ಬಂದ ತಕ್ಷಣ ಫೋಟೊ ತೆಗೆದಿಡಿ. ಅದರಲ್ಲಿ 13 ಅಕ್ಷರ ಮತ್ತು ಅಂಕಿಗಳ ಸಂಖ್ಯೆ ಇರುತ್ತದೆ. ಕರ್ನಾಟಕದಲ್ಲಿ ಬುಕ್ ಆದ ಸ್ಪೀಡ್ ಪೋಸ್ಟ್‌ಗೆ ಸಾಮಾನ್ಯವಾಗಿ "ಇಕೆ"ಯಿಂದ ಶುರುವಾಗಿ "ಐಎನ್" ಎಂದು ಮುಗಿಯುತ್ತದೆ. ಈ ಸಂಖ್ಯೆ ಇಲ್ಲದೆ ಯಾವ ದೂರೂ ಮುಂದೆ ಹೋಗುವುದಿಲ್ಲ. ರಸೀದಿಯ ಜೊತೆಗೆ ಗ್ರಾಹಕರ ಆರ್ಡರ್, ಬಿಲ್, ಹಣ ಬಂದ ದಾಖಲೆ, ಪ್ಯಾಕ್ ಮಾಡಿ ವಿಳಾಸ ಅಂಟಿಸಿದ ಮೇಲಿನ ಫೋಟೊ ಇಟ್ಟುಕೊಳ್ಳಿ.

ಟ್ರ್ಯಾಕಿಂಗ್‌ನಲ್ಲಿ ಹಲವು ದಿನ ಒಂದೇ ಊರಿನ ಹೆಸರು ನಿಂತಿದ್ದರೆ ಕಾಯುತ್ತಾ ಕೂರಬೇಡಿ. ಇಂಡಿಯಾ ಪೋಸ್ಟ್ ವೆಬ್‌ಸೈಟ್‌ನ ದೂರು ವಿಭಾಗದಲ್ಲಿ ಅಥವಾ 1800 266 6868 ಟೋಲ್ ಫ್ರೀ ಸಂಖ್ಯೆಯಲ್ಲಿ ದೂರು ದಾಖಲಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ದೂರನ್ನು ಬುಕ್ ಮಾಡಿದವರೇ ಕೊಡುವುದು ಒಳ್ಳೆಯದು. ಪರಿಹಾರದ ಹಕ್ಕು ಮೊದಲು ಕಳಿಸಿದವರದು. ಎಷ್ಟೋ ಮಾರಾಟಗಾರರು ಗ್ರಾಹಕರಿಗೆ "ನೀವೇ ನಿಮ್ಮ ಪೋಸ್ಟ್ ಆಫೀಸ್‌ನಲ್ಲಿ ವಿಚಾರಿಸಿ" ಎಂದು ಹೇಳಿ ತಿಂಗಳು ಕಳೆಯುತ್ತಾರೆ. ಗ್ರಾಹಕರೂ ಮುನಿಸಿಕೊಳ್ಳುತ್ತಾರೆ, ಕ್ಲೇಮೂ ತಣ್ಣಗಾಗುತ್ತದೆ.

ಟ್ರ್ಯಾಕಿಂಗ್‌ನಲ್ಲಿ "ಡೆಲಿವರ್ಡ್" ಎಂದಿದ್ದು ಗ್ರಾಹಕರು ಬಂದಿಲ್ಲ ಎನ್ನುತ್ತಿದ್ದರೆ ಅದು ಬೇರೆಯೇ ದೂರು. ಆಗ ಕೇಳಬೇಕಾದದ್ದು ಪರಿಹಾರವನ್ನಲ್ಲ, ಡೆಲಿವರಿಯ ಪುರಾವೆಯನ್ನು: ಯಾರು ಸಹಿ ಹಾಕಿದರು, ಯಾವ ದಿನ. ಒಟಿಪಿ ಹೇಳಿದರೆ ಮಾತ್ರ ಪಾರ್ಸೆಲ್ ಕೊಡುವ ಸೌಲಭ್ಯ ಈಗ ಸ್ಪೀಡ್ ಪೋಸ್ಟ್‌ನಲ್ಲಿದೆ. ಬೆಲೆಬಾಳುವ ವಸ್ತುವಿಗೆ ಅದನ್ನು ಕೇಳಿ ತೆಗೆದುಕೊಳ್ಳಿ.

ಉತ್ತರ ಬರದಿದ್ದರೆ, ಅಥವಾ "ವಿಚಾರಿಸಲಾಗುತ್ತಿದೆ" ಎಂದಷ್ಟೇ ಬಂದು ದೂರು ಮುಚ್ಚಿಹೋದರೆ, ನಿಮ್ಮ ವಿಭಾಗದ ಅಂಚೆ ಅಧೀಕ್ಷಕರಿಗೆ ಲಿಖಿತವಾಗಿ ಬರೆಯಿರಿ. ಅದರ ಮೇಲೆ ಕೇಂದ್ರ ಸರ್ಕಾರದ ಸಿಪಿಗ್ರಾಮ್ಸ್ ಪೋರ್ಟಲ್ ಇದೆ. ಅಲ್ಲಿ ದೂರು ಬಗೆಹರಿಸಲು ಇಲಾಖೆಗಳಿಗೆ 2024ರಿಂದ 21 ದಿನಗಳ ಗಡುವು ಹಾಕಲಾಗಿದೆ. ಇಲಾಖೆ ಆಗಾಗ ನಡೆಸುವ ಅಂಚೆ ಅದಾಲತ್‌ನ ಪ್ರಕಟಣೆ ಪತ್ರಿಕೆಗಳಲ್ಲಿ ಬರುತ್ತದೆ, ನಾವು ಓದದೆ ಪುಟ ತಿರುಗಿಸುತ್ತೇವೆ. ನೇರವಾಗಿ ಅಧಿಕಾರಿಯ ಎದುರು ಕೂತು ಮಾತಾಡುವ ಅವಕಾಶ ಅದು.

180 ರೂಪಾಯಿಗೆ ಇಷ್ಟೆಲ್ಲ ಏಕೆ ಎನ್ನಬಹುದು. ಗ್ರಾಹಕರಿಗೆ ನೀವು ಮೋಸ ಮಾಡಿಲ್ಲ ಎಂದು ತೋರಿಸಲು ಆ ದೂರಿನ ಸಂಖ್ಯೆಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಎಲ್ಲೋ ಮೂಲೆಯಲ್ಲಿ ಬಿದ್ದಿದ್ದ ಪಾರ್ಸೆಲ್ ದೂರು ಬಿದ್ದ ಮೇಲೆ ಎದ್ದು ಬರುವುದೂ ಉಂಟು.

ಗ್ರಾಹಕ ಆಯೋಗಕ್ಕೆ ಹೋಗಬಹುದೇ?

ಹೋಗಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ, ಎರಡು ವರ್ಷದೊಳಗೆ ದೂರು ಕೊಡಬಹುದು. 5 ಲಕ್ಷದವರೆಗಿನ ಮೊತ್ತಕ್ಕೆ ಶುಲ್ಕವಿಲ್ಲ. ಆದರೆ ಎರಡು ಮಾತು ಗೊತ್ತಿರಲಿ. ಇಲಾಖೆ ಅಲ್ಲಿಯೂ ತನ್ನ ಕಾಯ್ದೆಯ ರಕ್ಷಣೆಯನ್ನೇ ಮುಂದಿಡುತ್ತದೆ. ಇನ್ಶೂರೆನ್ಸ್ ಇಲ್ಲದ ಪಾರ್ಸೆಲ್‌ಗೆ ಪೂರ್ತಿ ಬೆಲೆ ಕೇಳಿ ಗೆಲ್ಲುವುದು ಕಷ್ಟ. ಕೊಡಬೇಕಾದ ಪರಿಹಾರವನ್ನೇ ಕೊಡದಿದ್ದರೆ ಅಥವಾ ಇನ್ಶೂರೆನ್ಸ್ ಕ್ಲೇಮ್ ಕಾರಣವಿಲ್ಲದೆ ತಳ್ಳಿಹಾಕಿದರೆ ನಿಮ್ಮ ಕೈ ಮೇಲಾಗುತ್ತದೆ. ಎರಡನೆಯದು, "ಇವರು ವ್ಯಾಪಾರಿ, ಗ್ರಾಹಕರಲ್ಲ" ಎಂಬ ವಾದ ಬರಬಹುದು. ನೀವೇ ದುಡಿದು ಜೀವನ ಸಾಗಿಸುವ ಮನೆ ಉದ್ಯಮ ಇದು ಎಂದು ದೂರಿನಲ್ಲಿ ಮೊದಲೇ ಬರೆಯಿರಿ.

ಖಾಸಗಿ ಕೊರಿಯರ್ ಆದರೆ ಪೂರ್ತಿ ಹಣ ಸಿಗುತ್ತದೆಯೇ?

ಅಲ್ಲಿಯೂ ರಸೀದಿಯ ಹಿಂಭಾಗದ ಸಣ್ಣ ಅಕ್ಷರಗಳದ್ದೇ ರಾಜ್ಯ. ಜರ್ಮನಿಗೆ ಕೊರಿಯರ್ ಕಳಿಸಿದ ಭಾರತಿ ನಿಟ್ಟಿಂಗ್ ಕಂಪನಿ ಮತ್ತು ಡಿಎಚ್‌ಎಲ್ ನಡುವಿನ ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್, ಸಹಿ ಹಾಕಿದ ಚೀಟಿಯಲ್ಲಿದ್ದ 100 ಡಾಲರ್ ಮಿತಿಯನ್ನೇ ಎತ್ತಿಹಿಡಿಯಿತು. ರಾಜ್ಯ ಆಯೋಗ ಅದಕ್ಕೂ ಮೊದಲು 4 ಲಕ್ಷಕ್ಕೂ ಹೆಚ್ಚು ಕೊಡಲು ಆದೇಶಿಸಿತ್ತು. ಇನ್ನು ದೇಶದೊಳಗೆ ರಸ್ತೆಯಲ್ಲಿ ಸಾಗುವ ಸರಕಿಗೆ 2007ರ ರಸ್ತೆ ಸಾಗಣೆ ಕಾಯ್ದೆ ಇದೆ. ಕೊರಿಯರ್ ಸಂಸ್ಥೆಗಳೂ ಅದರ ವ್ಯಾಪ್ತಿಗೆ ಬರುತ್ತವೆ, ಸರ್ಕಾರ ಬರುವುದಿಲ್ಲ. ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಕೊಡದಿದ್ದರೆ ಆ ಕಾಯ್ದೆಯಡಿ ದಾವೆ ಹೂಡಲಾಗದು. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ದು ನೋಟಿಸ್ ಅಲ್ಲ.

ಗ್ರಾಹಕರ ಹಣ?

2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಹೇಳಿದ ಅವಧಿಗಿಂತ ತಡವಾಗಿ ಬಂದ ವಸ್ತುವಿಗೇ ಮಾರಾಟಗಾರ ಹಣ ವಾಪಸ್ ಕೊಡಲು ನಿರಾಕರಿಸುವಂತಿಲ್ಲ. ಹಾಗಿರುವಾಗ ಬಾರದೇ ಇದ್ದ ವಸ್ತುವಿನ ಬಗ್ಗೆ ಕೇಳಬೇಕಿಲ್ಲ. "ಪೋಸ್ಟ್‌ನವರು ಕೊಟ್ಟ ಮೇಲೆ ನಿಮಗೆ ಕೊಡ್ತೀವಿ" ಎಂದು ಗ್ರಾಹಕರನ್ನು ಕಾಯಿಸಬೇಡಿ.

ಕೊನೆಯದಾಗಿ, ಪಾರ್ಸೆಲ್ ಕಳೆದ ಸಿಟ್ಟಿನಲ್ಲಿ ಟ್ರ್ಯಾಕಿಂಗ್ ಸಂಖ್ಯೆ, ಫೋನ್ ನಂಬರ್ ಸಮೇತ ಸಾಮಾಜಿಕ ಜಾಲತಾಣದಲ್ಲಿ ಹಾಕಬೇಡಿ. ಅದನ್ನು ನೋಡಿಯೇ "ಪರಿಹಾರ ಕಳಿಸುತ್ತೇವೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ" ಎಂದು ಫೋನ್ ಬರಬಹುದು. "ನಿಮ್ಮ ಪ್ಯಾಕೇಜ್ ಗೋದಾಮಿಗೆ ಬಂದಿದೆ, ವಿಳಾಸ ಸರಿಯಿಲ್ಲ, 48 ಗಂಟೆಯೊಳಗೆ ಲಿಂಕ್ ಒತ್ತಿ" ಎಂದು ಇಂಡಿಯಾ ಪೋಸ್ಟ್ ಹೆಸರಿನಲ್ಲಿ ಬರುವ ಎಸ್‌ಎಂಎಸ್ ನಕಲಿ ಎಂದು ಪಿಐಬಿ ಫ್ಯಾಕ್ಟ್ ಚೆಕ್ ಈಗಾಗಲೇ ಹೇಳಿದೆ. ಹಣ ಪಡೆಯಲು ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತುವ ಅಗತ್ಯವೇ ಇಲ್ಲ. ಅಕಸ್ಮಾತ್ ಒತ್ತಿ ಹಣ ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ.