ಸಾಕ್ಷಿ ನುಡಿಯುವ ಪುಸ್ತಕ

ನಿಮ್ಮ ಮದುವೆಯ ದಿನವನ್ನು ಒಮ್ಮೆ ಸ್ಮರಿಸಿಕೊಳ್ಳಿ. ಬಲಿಪೂಜೆಯ ಬಳಿಕ ದಪ್ಪ ಪುಸ್ತಕವೊಂದರಲ್ಲಿ ನೀವೂ ನಿಮ್ಮ ಸಾಕ್ಷಿಗಳೂ ಸಹಿ ಹಾಕಿದಿರಿ. ಆ ಸಹಿಯ ಹಿಂದೆ ಶತಮಾನಗಳ ಕಣ್ಣೀರಿನ ಕಥೆಯಿದೆ.

ಗುಟ್ಟಾಗಿ ಒಬ್ಬಳ ಕೈಹಿಡಿದು, ಆಕೆಯನ್ನು ತೊರೆದು, ಮತ್ತೊಬ್ಬಳನ್ನು ಬಹಿರಂಗವಾಗಿ ವರಿಸುವವರ ಹಾವಳಿ ಒಂದು ಕಾಲದಲ್ಲಿ ಯುರೋಪನ್ನು ಕಾಡಿತ್ತು. ಮೊದಲ ಮದುವೆಗೆ ಪುರಾವೆಯಿಲ್ಲದೆ ಧರ್ಮಸಭೆಯೂ ನಿಸ್ಸಹಾಯಕವಾಗಿತ್ತು. ಆದುದರಿಂದ 1563ರಲ್ಲಿ ಟ್ರೆಂಟ್ ಮಹಾಸಭೆಯು ಮೂರು ಪ್ರಕಟಣೆ, ಧರ್ಮಗುರುಗಳ ಸಮ್ಮುಖ, ಸಾಕ್ಷಿಗಳು ಹಾಗೂ ವಿವಾಹ ಪುಸ್ತಕವನ್ನು ವಿಧಿಸಿತು.

ಈ ಕಟ್ಟಳೆಗೆ ಒಳಪಡದ ಇಂಗ್ಲೆಂಡಿನಲ್ಲಿಯೂ 1538ರಿಂದ ಇಂತಹ ಪುಸ್ತಕಗಳಿದ್ದವು. ಆದರೆ ಬರೆಯದೆ ಉಳಿದ ಮದುವೆಗಳೂ ಇದ್ದವು. 1744ರಲ್ಲಿ ಎಲಿಜಬೆತ್ ಚಡ್ಲಿ ಎಂಬಾಕೆ ಹ್ಯಾಂಪ್‌ಷೈರಿನ ಲೇನ್‌ಸ್ಟನ್ ದೇವಾಲಯದಲ್ಲಿ ರಾತ್ರಿಯ ಹೊತ್ತು ಅಗಸ್ಟಸ್ ಹರ್ವಿಯನ್ನು ಗುಟ್ಟಾಗಿ ವರಿಸಿದಳು. 1759ರಲ್ಲಿ ಪತಿಗೆ ಅರ್ಲ್ ಪದವಿ ಒದಗುವ ಸಂಭವ ಕಂಡಿತು. ಕೂಡಲೇ ಆಕೆ, ಮದುವೆ ನಡೆಸಿಕೊಟ್ಟಿದ್ದ ಪಾದ್ರಿಯ ಮರಣಶಯ್ಯೆಯ ಬಳಿಗೆ ಧಾವಿಸಿ, ಹೊಸ ಪುಸ್ತಕವೊಂದರಲ್ಲಿ ಆ ಮದುವೆಯನ್ನು ಬರೆಯಿಸಿದಳು.

ಹತ್ತು ವರ್ಷಗಳ ಬಳಿಕ ಆಕೆಯ ಲೆಕ್ಕ ಬದಲಾಯಿತು. ತಾನು ಅವಿವಾಹಿತೆಯೆಂದು ಚರ್ಚ್ ನ್ಯಾಯಾಲಯದಿಂದಲೇ ತೀರ್ಪು ಪಡೆದು, 1769ರಲ್ಲಿ ಕಿಂಗ್‌ಸ್ಟನ್ನಿನ ಡ್ಯೂಕನನ್ನು ಮದುವೆಯಾದಳು. ಡ್ಯೂಕನ ಮರಣಾನಂತರ, 1776ರ ಏಪ್ರಿಲ್‌ನಲ್ಲಿ, ದ್ವಿವಿವಾಹದ ಆರೋಪದ ಮೇಲೆ ಹೌಸ್ ಆಫ್ ಲಾರ್ಡ್ಸ್ ಆಕೆಯನ್ನು ವಿಚಾರಿಸಿತು. ಅಲ್ಲಿ ದಾಸಿ ಸಾಕ್ಷಿ ನುಡಿದಳು. ಪಾದ್ರಿಯ ವಿಧವೆಯೂ ನುಡಿದಳು. ಆಕೆಯೇ ಬರೆಯಿಸಿದ ಪುಸ್ತಕವೂ ಮುಂದೆ ಬಂದಿತು. ವಂಚನೆಯಿಂದ ಪಡೆದ ತೀರ್ಪು ಆಕೆಯನ್ನು ಕಾಯಲಿಲ್ಲ. ಅಪರಾಧ ಸಾಬೀತಾಯಿತು, ಕುಲೀನ ಪದವಿಯೊಂದೇ ಆಕೆಯನ್ನು ಶಿಕ್ಷೆಯಿಂದ ಪಾರುಮಾಡಿತು. ಲಾಭಕ್ಕಾಗಿ ಬರೆಯಿಸಿದರೂ ಬರೆದದ್ದು ಸತ್ಯವಾಗಿತ್ತು. ಸತ್ಯವು ಯಾರ ಅನುಕೂಲವನ್ನೂ ಕೇಳದು.

ನಮ್ಮ ನಾಡಿನಲ್ಲಿ 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆಯ 80ನೆಯ ಕಲಮು ಇದೇ ಪುಸ್ತಕಕ್ಕೆ ಬಲ ತುಂಬಿದೆ. ಕಾಯಿದೆಯನ್ವಯ ಇಟ್ಟ ಪುಸ್ತಕದ ದೃಢೀಕೃತ ಪ್ರತಿಯನ್ನು, ಮೂಲ ಪುಸ್ತಕವನ್ನು ಬೇರೆಯಾಗಿ ರುಜುವಾತುಪಡಿಸದೆಯೇ, ನ್ಯಾಯಾಲಯವು ಸಾಕ್ಷ್ಯವಾಗಿ ಸ್ವೀಕರಿಸುತ್ತದೆ. ದ್ವಿವಿವಾಹಕ್ಕೆ 1860ರ ದಂಡ ಸಂಹಿತೆಯ 494ನೆಯ ಕಲಮು ಏಳು ವರ್ಷಗಳವರೆಗಿನ ಸೆರೆವಾಸ ವಿಧಿಸಿತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 82ನೆಯ ಕಲಮು ಅದರ ಸ್ಥಾನದಲ್ಲಿದೆ. ಮೊದಲ ಮದುವೆಯನ್ನು ಬಚ್ಚಿಟ್ಟಿದ್ದರೆ ಶಿಕ್ಷೆ ಹತ್ತು ವರ್ಷಗಳವರೆಗೂ ಆಗಬಹುದು. ಎರಡನೆಯ ಮದುವೆಯೂ ವಿಧಿವತ್ತಾಗಿ ನಡೆದಿರುವುದು ಸಾಬೀತಾಗಬೇಕೆಂದು ಸರ್ವೋಚ್ಚ ನ್ಯಾಯಾಲಯ 1965ರಲ್ಲಿ ಹೇಳಿತು. ಆರೋಪಿಯ ಒಪ್ಪಿಗೆಯ ಮಾತಷ್ಟೇ ಸಾಲದೆಂದೂ ತಿಳಿಸಿತು. ತೊರೆಯಲ್ಪಟ್ಟ ಹೆಣ್ಣೊಬ್ಬಳು ಬರಿಗೈಯಲ್ಲಿ ನ್ಯಾಯಾಲಯದ ಮೆಟ್ಟಿಲೇರಿದಾಗ, ಆ ಒಂದು ಪುಟವು ಆಕೆಯ ಪರವಾಗಿ ಎಷ್ಟು ಮಾತನಾಡಬಲ್ಲದೆಂಬುದನ್ನು ಊಹಿಸಿಕೊಳ್ಳಿ.

ಶಿಕ್ಷೆಗಿಂತ ತಡೆಯೇ ಲೇಸು. 1907ರ ಆಜ್ಞೆಯೊಂದರಿಂದ ಆರಂಭಿಸಿ, ಮದುವೆಯ ವಿವರವನ್ನು ಜ್ಞಾನಸ್ನಾನದ ಪುಸ್ತಕದಲ್ಲಿಯೂ ಗುರುತಿಸುವುದು ಕಥೋಲಿಕ ಧರ್ಮಸಭೆಯ ಸಾರ್ವತ್ರಿಕ ನಿಯಮವಾಗಿದೆ. ಮದುವೆಗೆ ಮುನ್ನ ಹೊಸದಾಗಿ ಜ್ಞಾನಸ್ನಾನದ ಪತ್ರ ತರಲು ಗುರುಗಳು ಹೇಳಿದರೆ ಬೇಸರಿಸದಿರಿ. ಹೆಸರು, ತಂದೆಯ ಹೆಸರು, ದಿನಾಂಕಗಳನ್ನು ಓದಿ ನೋಡಿ ಸಹಿ ಹಾಕಿರಿ. ಪ್ರಕಟಣೆ ಓದುವಾಗ ನಿಮಗೆ ತಿಳಿದ ಅಡ್ಡಿಯಿದ್ದರೆ ಮೌನವಾಗಿರಬೇಡಿ. ಆ ಮೌನದ ಬೆಲೆಯನ್ನು ಮುಂದೊಂದು ದಿನ ನಿರಪರಾಧಿಯೊಬ್ಬರು ತೆರಬೇಕಾದೀತು.