ಕುದುರೆ ಮಾರುವವನ ಮಾತು

ಎತ್ತಿನ ಜಾತ್ರೆಯಲ್ಲಿ ಮಾರುವವನೂ ರೈತ, ಕೊಳ್ಳುವವನೂ ರೈತ. ಹಲ್ಲು, ಸುಳಿ, ಗೊರಸು, ನಡಿಗೆ ಇವುಗಳ ವಿಷಯದಲ್ಲಿ ಒಬ್ಬನಿಗೆ ತಿಳಿದಷ್ಟೇ ಇನ್ನೊಬ್ಬನಿಗೂ ತಿಳಿದಿರುವುದರಿಂದ, ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವಾಗ ಅವರ ನಡುವೆ ಮಾತಿಗೆ ಅಷ್ಟಾಗಿ ಕೆಲಸವಿರುವುದಿಲ್ಲ. ಕುದುರೆಯ ಕ್ರಯವಿಕ್ರಯ ಹಾಗಲ್ಲ. ದಕ್ಷಿಣ ದೇಶದ ಹವೆಯಲ್ಲಿ ಯುದ್ಧಯೋಗ್ಯವಾದ ಕುದುರೆ ಹುಟ್ಟಿ ಬೆಳೆಯುವುದು ದುರ್ಲಭವಾಗಿದ್ದುದರಿಂದ, ಅದನ್ನು ಬಲ್ಲವನು ಕಡಲಾಚೆಯ ವರ್ತಕನಾಗಿಯೂ, ಅದನ್ನು ಬಯಸುವವನು ಈಚೆಯ ಅರಸನಾಗಿಯೂ ಉಳಿದು, ಬಲ್ಲವನಿಗೂ ಬಯಸುವವನಿಗೂ ನಡುವಣ ಬಯಲನ್ನು ತುಂಬುವುದಕ್ಕೆ ವರ್ಣನೆಯೆಂಬುದು ಅವಶ್ಯವಾಯಿತು. ಕುದುರೆಯನ್ನು ಮಾರುವ ಮಾತಿಗೆ ಒಂದು ಚರಿತ್ರೆಯಿರುವುದು ಈ ಕಾರಣದಿಂದ.

ಈಗಿನ ಮಾರಾಟದ ಜಾಹೀರಾತುಗಳನ್ನು ನೋಡಿದವರು ಅವುಗಳ ಲೋಪಗಳನ್ನು ಬಲ್ಲರು. ಕುದುರೆ ‘ಸುಂದರ’ವೆಂದೂ ‘ಶಾಂತ’ವೆಂದೂ ಹೇಳಿರುತ್ತದೆ, ವಯಸ್ಸು ಹೇಳಿರುವುದಿಲ್ಲ. ತಂದೆಯ ತಳಿಯನ್ನು ಕೊಂಡಾಡಿರುತ್ತದೆ. ಹೆಗಲಿನ ಎತ್ತರವೆಷ್ಟೆಂಬುದನ್ನು ಬಿಟ್ಟಿರುತ್ತದೆ. ಚಿತ್ರವನ್ನು ಎತ್ತರದ ಹುಲ್ಲಿನಲ್ಲಿ ನಿಲ್ಲಿಸಿ ತೆಗೆದಿರುವುದರಿಂದ ನೋಡಲೇಬೇಕಾದ ಗೊರಸುಗಳೇ ಕಾಣುವುದಿಲ್ಲ. ಮಾರುವುದೇಕೆಂಬ ಪ್ರಶ್ನೆಗಂತೂ ಉತ್ತರವೇ ಇರುವುದಿಲ್ಲ. ಇವೆಲ್ಲ ಈ ಕಾಲದ ಅವಸರದ ಫಲವೆಂದು ಭಾವಿಸುವವರುಂಟು. ನನಗೆ ತೋರುವ ಮಟ್ಟಿಗೆ ಇವುಗಳಲ್ಲಿ ಹೊಸದು ಒಂದೂ ಇಲ್ಲ. ಮಾರುವವನ ಮಾತು ಯಾವಾಗ ಸತ್ಯಕ್ಕೆ ಸಮೀಪವಾಯಿತು, ಯಾವಾಗ ದೂರವಾಯಿತು ಎಂಬುದು ಅವನ ಶೀಲವನ್ನಾಗಲಿ ಭಾಷೆಯನ್ನಾಗಲಿ ಅವಲಂಬಿಸದೆ, ಕುದುರೆ ಕೆಟ್ಟರೆ ನಷ್ಟ ಯಾರದು ಎಂಬ ಒಂದೇ ವಿಷಯವನ್ನು ಅವಲಂಬಿಸಿತ್ತು.

ಈ ಸಂಗತಿಯನ್ನು ಚೆನ್ನಾಗಿ ಅರಿತಿದ್ದವನು ಕೌಟಿಲ್ಯ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ದೊರೆತು 1909ರಲ್ಲಿ ಅಚ್ಚಾದ ಅರ್ಥಶಾಸ್ತ್ರದಲ್ಲಿ ಅಶ್ವಾಧ್ಯಕ್ಷನೆಂಬ ಅಧಿಕಾರಿಯ ಕರ್ತವ್ಯಗಳನ್ನು ಹೇಳುವ ಅಧ್ಯಾಯವೊಂದಿದೆ. ಲಾಯಕ್ಕೆ ಬಂದ ಪ್ರತಿಯೊಂದು ಕುದುರೆಯ ಕುಲ, ವಯಸ್ಸು, ಬಣ್ಣ, ಗುರುತು, ವರ್ಗ ಮತ್ತು ಬಂದ ಬಗೆ, ಈ ಆರನ್ನೂ ಅವನು ಬರೆಯಿಸತಕ್ಕುದು. ಮಾರಾಟಕ್ಕೆ ಬಂದುದೋ, ಕ್ರಯಕ್ಕೆ ಕೊಂಡುದೋ, ಯುದ್ಧದಲ್ಲಿ ಗೆದ್ದುದೋ, ಲಾಯದಲ್ಲಿಯೇ ಹುಟ್ಟಿದುದೋ ಎಂಬುದು ಸ್ಪಷ್ಟವಾಗಿರಬೇಕು. ಅಪ್ರಶಸ್ತವಾದವು, ಅಂಗವಿಕಲವಾದವು, ರೋಗಿಗಳು ಯಾವುವೆಂಬುದನ್ನೂ ತಿಳಿಸಬೇಕು. ಉತ್ತಮಾಶ್ವದ ಮುಖ 32 ಅಂಗುಲವೆಂದು ಅಳತೆಯನ್ನೂ ಕೊಟ್ಟಿದೆ. ಅಧಿಕಾರಿಗಳು ಲೆಕ್ಕ ಬರೆಯುವುದೇನೂ ವಿಶೇಷವಲ್ಲವೆನ್ನಬಹುದು. ಆದರೆ ಅದೇ ಗ್ರಂಥದ ಮೂರನೆಯ ಅಧಿಕರಣದಲ್ಲಿ, ಕೊಂಡು ಮಾರಿ ಅನಂತರ ಪಶ್ಚಾತ್ತಾಪ ಪಟ್ಟವರ ವ್ಯಾಜ್ಯಗಳನ್ನು ತೀರಿಸುವ ಸಂದರ್ಭದಲ್ಲಿ, ಇನ್ನೂ ಒಂದು ನಿಯಮವಿದೆ: ರೋಗಗ್ರಸ್ತವಾದ ಪ್ರಾಣಿಯನ್ನು ಉತ್ಸಾಹವುಳ್ಳದ್ದೆಂದೋ ಸ್ವಸ್ಥವೆಂದೋ ಶುದ್ಧವೆಂದೋ ಹೇಳಿ ಮಾರಿದವನಿಗೆ ಹನ್ನೆರಡು ಪಣ ದಂಡ, ಮತ್ತು ಚತುಷ್ಪಾದಿಗಳನ್ನು ಹಿಂದಿರುಗಿಸುವುದಕ್ಕೆ ಮೂರು ಪಕ್ಷಗಳ ಅವಕಾಶ. ಒಂದೂವರೆ ತಿಂಗಳು ಕಟ್ಟಿ ಮೇಯಿಸಿ, ಸವಾರಿ ಮಾಡಿ, ಕೆಮ್ಮುತ್ತದೆಯೋ ಕುಂಟುತ್ತದೆಯೋ ನೋಡಿ, ಬೇಡವಾದರೆ ಹಿಂದಕ್ಕೆ ಅಟ್ಟಬಹುದಾದ ಕುದುರೆಯ ವಿಷಯದಲ್ಲಿ ಮಾರುವವನು ಅತಿಶಯೋಕ್ತಿಗೆ ಎಷ್ಟು ಹಿಂಜರಿಯುವನೆಂಬುದನ್ನು ಊಹಿಸುವುದು ಕಷ್ಟವಲ್ಲ. ರೋಮಿನಲ್ಲಿಯೂ ಪೇಟೆಯ ಅಧಿಕಾರಿಗಳು ಇಂಥದೇ ಶಾಸನವನ್ನು ಹೊರಡಿಸಿ, ಹೊರೆಯ ಪ್ರಾಣಿಗಳನ್ನು ಮಾರುವವರು ಅವುಗಳ ರೋಗವನ್ನೂ ದೋಷವನ್ನೂ ಬಹಿರಂಗವಾಗಿ ಹೇಳತಕ್ಕುದೆಂದು ವಿಧಿಸಿದ್ದರು.

ಇದರಿಂದ ದಕ್ಷಿಣದ ಕಡಲತೀರಕ್ಕೆ ಬಂದರೆ ದೃಶ್ಯವು ತಲೆಕೆಳಗಾಗುತ್ತದೆ. ಹದಿಮೂರನೆಯ ಶತಮಾನದ ಕೊನೆಯಲ್ಲಿ ಪಾಂಡ್ಯರ ನಾಡಿಗೆ ಬಂದ ಮಾರ್ಕೋ ಪೋಲೋ, ಹೊರ್ಮುಜ್, ಏಡನ್ ಮೊದಲಾದ ಕಡೆಗಳಿಂದ ವರ್ಷವರ್ಷವೂ ಸಾವಿರಾರು ಕುದುರೆಗಳು ಬರುವುದನ್ನೂ, ವರ್ಷ ಮುಗಿಯುವುದರೊಳಗೆ ಅವುಗಳಲ್ಲಿ ಬಹುಭಾಗ ಸಾಯುವುದನ್ನೂ ಕಂಡು ಬೆರಗಾಗಿ, ಇಲ್ಲಿಯವರು ಕುದುರೆಗೆ ಬೇಯಿಸಿದ ಅನ್ನವನ್ನೂ ಮಾಂಸವನ್ನೂ ತಿನ್ನಿಸುವರೆಂದೂ, ಲಾಳ ಹೊಡೆದು ಶುಶ್ರೂಷೆ ಮಾಡಬಲ್ಲವರು ಈ ದೇಶಕ್ಕೆ ಹೋಗದಂತೆ ವರ್ತಕರೇ ತಡೆಯುವರೆಂದೂ ಬರೆದಿದ್ದಾನೆ. ಇದರಲ್ಲಿ ಪ್ರವಾಸಿಯ ಉತ್ಪ್ರೇಕ್ಷೆ ಸ್ವಲ್ಪವಿದ್ದರೂ ಇರಬಹುದು. ಆದರೆ ಪಾರಸಿ ಇತಿಹಾಸಕಾರನಾದ ವಸ್ಸಾಫನು ಇದಕ್ಕಿಂತ ವಿಚಿತ್ರವಾದುದನ್ನು ತಣ್ಣನೆಯ ಲೆಕ್ಕದ ರೀತಿಯಲ್ಲಿ ಹೇಳುತ್ತಾನೆ. ವರ್ಷಕ್ಕೆ 1400 ಕುದುರೆ, ಕುದುರೆಯೊಂದಕ್ಕೆ 220 ದಿನಾರು, ದಾರಿಯಲ್ಲಿ ಗಾಯಗೊಂಡರೂ ಸತ್ತರೂ ಬೆಲೆ ಮಾತ್ರ ಅರಸನ ಬೊಕ್ಕಸದಿಂದ ಸಲ್ಲತಕ್ಕುದು: ಒಪ್ಪಂದವು ಹೀಗಿತ್ತಂತೆ.

ವಿಜಯನಗರದ ಕಾಲಕ್ಕೆ ಈ ಪದ್ಧತಿ ತನ್ನ ಪರಾಕಾಷ್ಠೆಯನ್ನು ಮುಟ್ಟಿತು. 1535ರ ಸುಮಾರಿನಲ್ಲಿ ರಾಜಧಾನಿಯಲ್ಲಿದ್ದ ಫೆರ್ನಾವ್ ನೂನಿಜ್ ತಾನೇ ಕುದುರೆಯ ವ್ಯಾಪಾರಿ. ಆದುದರಿಂದ ಈ ವಿಷಯದಲ್ಲಿ ಅವನ ಮಾತಿಗೆ ಬೆಲೆಯುಂಟು. ಸಾಳುವ ನರಸಿಂಹನು ಹೊರ್ಮುಜ್ ಮತ್ತು ಏಡನ್‌ಗಳಿಂದ ಕುದುರೆಗಳನ್ನು ತರಿಸುವಾಗ, ಬದುಕಿದ್ದರೂ ಸತ್ತಿದ್ದರೂ ಸಾವಿರ ಪರ್ದಾವಿಗೆ ಮೂರರಂತೆ ಕೊಳ್ಳುತ್ತಿದ್ದನೆಂದೂ, ಸಮುದ್ರದಲ್ಲಿ ಸತ್ತ ಕುದುರೆಯ ಬಾಲವೊಂದನ್ನು ತಂದು ತೋರಿಸಿದರೆ ಜೀವಂತ ಕುದುರೆಗೆ ಕೊಡುವಷ್ಟೇ ಹಣವನ್ನು ಕೊಡುತ್ತಿದ್ದನೆಂದೂ ಅವನು ಬರೆದಿದ್ದಾನೆ. ಇದನ್ನು ಓದಿದವರು ಅರಸನ ಮೌಢ್ಯವೆಂದು ನಗುವುದುಂಟು; ನಗತಕ್ಕದ್ದಲ್ಲ. ಬಹಮನಿ ರಾಜ್ಯದ ಅಶ್ವಸೈನ್ಯವನ್ನು ಎದುರಿಸಬೇಕಾಗಿದ್ದವನಿಗೆ ಕುದುರೆಯ ದೋಷಕ್ಕಿಂತ ಕುದುರೆಯ ಅಭಾವವು ಹೆಚ್ಚು ಭಯಂಕರ. ವರ್ತಕನು ಶತ್ರುವಿನ ರೇವಿಗೆ ಹಡಗು ತಿರುಗಿಸದೆ ತನ್ನ ಕಡೆಗೇ ಬರುವಂತಾಗಬೇಕಾದರೆ ಕಡಲಿನ ಗಂಡಾಂತರವನ್ನು ಅರಸನೇ ಹೊರಬೇಕಾಯಿತು. ಕೃಷ್ಣದೇವರಾಯನು ತನ್ನ ಆಮುಕ್ತಮಾಲ್ಯದದ ರಾಜನೀತಿಯ ಭಾಗದಲ್ಲಿ, ಆನೆ ಕುದುರೆಗಳನ್ನು ತರುವ ದೂರದೇಶದ ವ್ಯಾಪಾರಿಗಳಿಗೆ ಪುರದಲ್ಲಿ ಮನೆ, ದರ್ಶನ, ಒಳ್ಳೆಯ ಲಾಭ ಇವುಗಳನ್ನು ಕೊಟ್ಟು, ಆ ಪ್ರಾಣಿಗಳು ವೈರಿಗಳಿಗೆ ಸೇರದಂತೆ ನೋಡಿಕೊಳ್ಳಬೇಕೆಂದು ಹೇಳಿರುವುದು ಇದೇ ವಿವೇಕ. ಆದರೆ ಈ ವಿವೇಕದ ಇನ್ನೊಂದು ಮುಖವನ್ನೂ ನೋಡಬೇಕು. ಬಾಲಕ್ಕೇ ಪೂರ್ಣ ಬೆಲೆ ದೊರೆಯುವಲ್ಲಿ ಕುದುರೆಯನ್ನು ವರ್ಣಿಸುವ ಶ್ರಮ ಯಾರಿಗೆ ಬೇಕು? ಅದಕ್ಕೆ ಎಷ್ಟು ವಯಸ್ಸು, ಕಾಲು ಹೇಗಿದೆ, ಉಸಿರು ಹೇಗಿದೆ ಎಂಬ ಪ್ರಶ್ನೆಗಳೆಲ್ಲ ಹೊನ್ನಾವರ, ಭಟ್ಕಳದ ರೇವುಗಳಲ್ಲಿ ಅರ್ಥವನ್ನು ಕಳೆದುಕೊಂಡವು.

ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಹಿಡಿದು, ಕುದುರೆಯ ಹಡಗುಗಳು ಅಲ್ಲಿಗೇ ಬಂದು ಸುಂಕ ತೆರುವಂತೆ ಮಾಡಿದ ಮೇಲೆ ಮಾರುವವನ ಬಲ ಇನ್ನೂ ಬೆಳೆಯಿತು. 1547ರಲ್ಲಿ ಗವರ್ನರ್ ಜೊವಾವ್ ದ ಕಾಸ್ತ್ರೋ ವಿಜಯನಗರದೊಡನೆ ಮಾಡಿಕೊಂಡ ಒಪ್ಪಂದದಲ್ಲಿ ಗೋವೆಗೆ ಬಂದ ಕುದುರೆಗಳು ವಿಜಯನಗರಕ್ಕೇ ಸಲ್ಲಬೇಕು, ಬಿಜಾಪುರಕ್ಕೆ ಹೋಗಕೂಡದು ಎಂಬ ಷರತ್ತಿತ್ತು. ಕೊಳ್ಳುವವನು ಕುದುರೆಯನ್ನು ಆರಿಸುವುದಕ್ಕೆ ಬದಲು ಮಾರುವವನೇ ಕೊಳ್ಳುವವನನ್ನು ಆರಿಸುವ ವ್ಯಾಪಾರವದು.

ಅರಸರ ಈ ದೊಡ್ಡ ವ್ಯವಹಾರದ ಪಕ್ಕದಲ್ಲಿಯೇ ಸಣ್ಣ ವ್ಯಾಪಾರಿಯ ಅವಸ್ಥೆ ಬೇರೆಯಾಗಿತ್ತು. ರಷ್ಯದ ತ್ವೇರ್ ಪಟ್ಟಣದ ಅಫನಾಸಿ ನಿಕಿತಿನ್ ಹದಿನೈದನೆಯ ಶತಮಾನದಲ್ಲಿ, ಬಹಮನಿಗಳ ಕಾಲದಲ್ಲಿ, ಒಂದೇ ಒಂದು ಗಂಡು ಕುದುರೆಯನ್ನು ಹಡಗಿನಲ್ಲಿ ತಂದು ಕೊಂಕಣದ ಚೌಲದಲ್ಲಿ ಇಳಿದನು. ಇಲ್ಲಿಗೆ ಮುಟ್ಟುವ ಹೊತ್ತಿಗೆ ಅದಕ್ಕೆ ನೂರು ರೂಬಲ್ ತಗಲಿತ್ತು. ಜುನ್ನರಿನ ಅಧಿಕಾರಿ ಅಸದ್ ಖಾನನು ಅದನ್ನು ಕಸಿದುಕೊಂಡು, ಮತವನ್ನು ಬದಲಾಯಿಸಿದರೆ ಕುದುರೆಯ ಜೊತೆಗೆ ಹಣವನ್ನೂ ಕೊಡುವೆನೆಂದನು. ಖುರಾಸಾನಿನ ಸಜ್ಜನನೊಬ್ಬನು ನಡುವೆ ಬಂದು ಬಿಡಿಸಿದನು. ಅಲ್ಲಿಂದ ಬೀದರಿಗೆ ಬಂದ ಮೇಲೂ ಮಾರಾಟ ಕೂಡಲೆ ಕುದುರಲಿಲ್ಲ. ಅಂತೂ ಅದು ಮಾರಾಟವಾದಾಗ, ಒಂದು ವರ್ಷ ಸಾಕಿ 68 ಫುತೂನ್ ಖರ್ಚು ಮಾಡಿದೆನೆಂದು ಅವನು ಲೆಕ್ಕ ಬರೆದನು. ಇವನ ಬರಹದಲ್ಲಿ ಆ ಕುದುರೆಯ ಬಣ್ಣವೇನು, ಅದರ ಗುಣವೇನು ಎಂಬ ಮಾತಿಲ್ಲ. ಮೇವಿನ ಖರ್ಚು ಮಾತ್ರ ಇದೆ. ಮಾರುವವನ ಮನಸ್ಸನ್ನು ಇದಕ್ಕಿಂತ ಪ್ರಾಮಾಣಿಕವಾಗಿ ತೋರಿಸುವ ದಾಖಲೆಯನ್ನು ನಾನು ಕಂಡಿಲ್ಲ. ಬೀದರಿನಿಂದ ಹನ್ನೆರಡು ಹರಿದಾರಿಯ ಮೇಲೆ ಸೂಫಿ ಸಂತರೊಬ್ಬರ ಹೆಸರಿನಲ್ಲಿ ಹತ್ತು ದಿನದ ಸಂತೆ ಸೇರುತ್ತಿದ್ದಿತೆಂದೂ, ಅಲ್ಲಿಗೆ ಇಪ್ಪತ್ತು ಸಾವಿರದವರೆಗೆ ಕುದುರೆಗಳು ಬರುತ್ತಿದ್ದುವೆಂದೂ ಹೇಳುವವನೂ ಇವನೇ. ಇಂದಿನ ಕಲಬುರಗಿ ಜಿಲ್ಲೆಯ ಆಳಂದವೇ ಆ ಸ್ಥಳವೆಂದು ವಿದ್ವಾಂಸರು ಗುರುತಿಸುತ್ತಾರೆ.

ಇಂಥ ಸಂತೆಯಲ್ಲಿ ಕೊಳ್ಳುವವನಿಗೆ ಆಸರೆಯಾಗಿದ್ದುದು ಶಾಸ್ತ್ರ. ಶಾಲಿಹೋತ್ರನ ಹೆಸರಿನಲ್ಲಿ ಬೆಳೆದ ಅಶ್ವವಿದ್ಯೆ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ವಿಸ್ತಾರವಾಗಿ ಬಂದಿದೆ. ಕನ್ನಡದಲ್ಲಿ ಅಭಿನವಚಂದ್ರನೆಂಬ ಕವಿ ಅಶ್ವವೈದ್ಯವನ್ನು ಬರೆದನು. ಈ ಗ್ರಂಥಗಳಲ್ಲಿ ಚಿಕಿತ್ಸೆಯ ಭಾಗ ಪ್ರಯೋಜನಕಾರಿಯಾದುದೇ. ಆದರೆ ಪೇಟೆಗೆ ಇಳಿದುಬಂದದ್ದು ಚಿಕಿತ್ಸೆಯಲ್ಲ, ಲಕ್ಷಣ. ನಾಲ್ಕು ಕಾಲೂ ಮುಖವೂ ಬಿಳಿದಾಗಿದ್ದರೆ ಪಂಚಕಲ್ಯಾಣಿ. ಕೊರಳಿನಲ್ಲಿ ಸುಳಿಯಿದ್ದರೆ ದೇವಮಣಿ. ಇಂಥ ಕಡೆ ಸುಳಿಯಿದ್ದರೆ ಒಡೆಯನಿಗೆ ಐಶ್ವರ್ಯ, ಇಂಥ ಕಡೆ ಇದ್ದರೆ ಹಾನಿ. ಮಾರುವವನಿಗೆ ಇದಕ್ಕಿಂತ ಅನುಕೂಲವಾದ ಶಾಸ್ತ್ರವಿನ್ನೊಂದಿಲ್ಲ. ಏಕೆಂದರೆ ಸುಳಿ ನಿಜವಾಗಿಯೂ ಇರುತ್ತದೆ, ಅದನ್ನು ಬೆರಳಿಟ್ಟು ತೋರಿಸಬಹುದು, ಸುಳ್ಳು ಹೇಳುವ ಅವಶ್ಯಕತೆಯೇ ಬೀಳುವುದಿಲ್ಲ. ಕೊಳ್ಳುವವನ ದೃಷ್ಟಿ ಮಾತ್ರ ಕೊರಳಿನಲ್ಲಿ ನೆಟ್ಟು ಗೊರಸಿನ ಕಡೆಗೆ ಇಳಿಯದೆ ಉಳಿಯುತ್ತದೆ. ಮಾರವಾಡಿ ತಳಿಯನ್ನು ಸಾಕುವವರು ಇಂದಿಗೂ ಸುಳಿಗೆ ಬೆಲೆ ಕಟ್ಟುತ್ತಾರೆ. ಗ್ರೀಸಿನ ಕ್ಸೆನೊಫೊನ್ ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿಯೇ, ಕುದುರೆ ಕೊಳ್ಳುವಲ್ಲಿ ಮೋಸಹೋಗದಿರಬೇಕಾದರೆ ಮೊದಲು ಪಾದವನ್ನು ನೋಡು, ತಳಪಾಯ ಕೆಟ್ಟ ಮನೆಯಂತೆ ಪಾದ ಕೆಟ್ಟ ಕುದುರೆ ನಿಷ್ಪ್ರಯೋಜಕವೆಂದು ಹೇಳಿದ್ದನು. ಅವನು ಸ್ವತಃ ಅಶ್ವಾರೋಹಿಯಾಗಿದ್ದವನು. ಕಾಲು ಸೋತ ಕುದುರೆಯ ಮೇಲೆ ರಣರಂಗದಲ್ಲಿ ಕೂರುವ ಕಷ್ಟ ಅವನಿಗೆ ಗೊತ್ತು.

ಇಂಗ್ಲೆಂಡಿನಲ್ಲಿ ಕುದುರೆಯ ವರ್ಣನೆಯನ್ನು ಮೊದಲು ಕಡ್ಡಾಯ ಮಾಡಿದ ಕಾನೂನುಗಳಲ್ಲಿ 1555ರದು ಮುಖ್ಯವಾದುದು. ಸಂತೆಯಲ್ಲಿ ಮಾರುವ ಕುದುರೆಯನ್ನು ಹಗಲಿನಲ್ಲಿ ಒಂದು ಗಂಟೆಯಾದರೂ ಬಹಿರಂಗವಾಗಿ ನಿಲ್ಲಿಸಬೇಕು, ಸುಂಕದವನು ತನ್ನ ಪುಸ್ತಕದಲ್ಲಿ ಮಾರಿದವನ ಹೆಸರನ್ನೂ ಕೊಂಡವನ ಹೆಸರನ್ನೂ ಬೆಲೆಯನ್ನೂ ಕುದುರೆಯ ಬಣ್ಣವನ್ನೂ ಕಡಿಮೆಯೆಂದರೆ ಒಂದು ವಿಶೇಷ ಗುರುತನ್ನೂ ಬರೆಯಬೇಕು. ಆದರೆ ಇದರ ಉದ್ದೇಶ ಕದ್ದ ಕುದುರೆಯನ್ನು ಪತ್ತೆಮಾಡುವುದು; ಕುಂಟುವ ಕುದುರೆಯನ್ನಲ್ಲ. ಆದುದರಿಂದ ಅದು ಕೇಳಿದ್ದು ಬಣ್ಣವನ್ನು, ಆರೋಗ್ಯವನ್ನಲ್ಲ.

ಹದಿನೆಂಟನೆಯ ಶತಮಾನದಲ್ಲಿ ವೃತ್ತಪತ್ರಿಕೆಗಳು ಹರಡಿದ ಮೇಲೆ ಇಂದಿನ ಜಾಹೀರಾತಿನ ಭಾಷೆ ಹುಟ್ಟಿಕೊಂಡಿತು. ಸಭ್ಯ ಗೃಹಸ್ಥರೊಬ್ಬರ ಸ್ವತ್ತು; ಯಾವ ದೋಷಕ್ಕಾಗಿಯೂ ಮಾರುತ್ತಿಲ್ಲ; ಸವಾರಿಗೂ ಬಂಡಿಗೂ ಸಾಧು; ಐದು ವರ್ಷಕ್ಕೆ ಕಾಲಿಡುತ್ತಿದೆ. ಈ ಸಭ್ಯ ಗೃಹಸ್ಥನು ಅನೇಕ ವೇಳೆ ದಲ್ಲಾಳಿಯೇ ಆಗಿರುತ್ತಿದ್ದನು. ಲಂಡನ್ನಿನ ಸ್ಮಿತ್‌ಫೀಲ್ಡ್ ಪೇಟೆಯ ಕುದುರೆ ವ್ಯಾಪಾರವಂತೂ ಗಾದೆಯ ಮಟ್ಟಕ್ಕೆ ಕುಖ್ಯಾತವಾಯಿತು. ಅಲ್ಲಿನ ಕುಶಲತೆಯಲ್ಲಿ ಅತ್ಯಂತ ಸೂಕ್ಷ್ಮವಾದದ್ದು ಹಲ್ಲಿನ ಕೆಲಸ. ಕುದುರೆಗೆ ಐದನೆಯ ವರ್ಷಕ್ಕೆ ಬಾಯಿ ತುಂಬುತ್ತದೆ. ಕೆಳದವಡೆಯ ಮುಂಬಲ್ಲುಗಳ ಮೇಲಿನ ಕುಳಿಗಳು ನಡುವಿನಿಂದ ಆರಂಭವಾಗಿ ಆರು, ಏಳು, ಎಂಟನೆಯ ವರ್ಷಗಳಲ್ಲಿ ಕ್ರಮವಾಗಿ ಸವೆದು ಸಮವಾಗುತ್ತವೆ. ಆಮೇಲೆ ವಯಸ್ಸನ್ನು ಹೇಳುವುದು ಪರಿಣತರಿಗೂ ಕಷ್ಟ. ಮುದಿ ಕುದುರೆಯ ಸವೆದ ಹಲ್ಲಿನಲ್ಲಿ ಹೊಸದಾಗಿ ಕುಳಿ ಕೊರೆದು, ಕಾದ ಕಬ್ಬಿಣದಿಂದ ಕಪ್ಪು ಸುಟ್ಟು, ಅದನ್ನು ಯೌವನಕ್ಕೆ ತರುವ ವಿದ್ಯೆಯನ್ನು ಕೆಲವರು ಕಲಿತರು. ಜಡ ಕುದುರೆ ಬಾಲವನ್ನೆತ್ತಿ ಕುಣಿಯುವಂತೆ ಮಾಡಲು ಅದರ ಗುದದಲ್ಲಿ ಶುಂಠಿಯಿಡುವ ಕ್ರೂರ ಪದ್ಧತಿಯನ್ನು 1785ರ ಗ್ರೋಸನ ಗ್ರಾಮ್ಯ ಪದಕೋಶ ಯಾವ ಸಂಕೋಚವೂ ಇಲ್ಲದೆ ದಾಖಲಿಸಿದೆ. ‘ಉತ್ಸಾಹವುಳ್ಳದ್ದು’ ಎಂಬ ವಿಶೇಷಣಕ್ಕೆ ಕೌಟಿಲ್ಯನು ದಂಡ ಹಾಕಿದುದು ಎಂಥ ಅನುಭವದ ಮೇಲೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಈ ಕಥೆಯ ಕೊನೆಯ ಅಂಕದ ಒಂದು ಭಾಗ ಬೆಂಗಳೂರಿನಲ್ಲಿ ನಡೆಯಿತು. ಶಿರಾಜಿನಲ್ಲಿ 1808ರಲ್ಲಿ ಹುಟ್ಟಿದ ಆಗಾ ಅಲಿ ಅಸ್ಕರ್ ತಾರುಣ್ಯದಲ್ಲಿಯೇ ಕುದುರೆಗಳೊಡನೆ ಇಲ್ಲಿಗೆ ಬಂದು, ದಂಡಿನ ಪ್ರದೇಶದ ಇಂಗ್ಲಿಷರಿಗೂ ಮೈಸೂರಿನ ಅರಮನೆಗೂ ಅರಬ್ಬೀ ಕುದುರೆಗಳನ್ನು ಒದಗಿಸುತ್ತ, ಇಲ್ಲಿಯೇ ನೆಲೆಸಿ, ಅನೇಕ ಬಂಗಲೆಗಳನ್ನು ಕಟ್ಟಿಸಿದನು. ದಿವಾನ್ ಮಿರ್ಜಾ ಇಸ್ಮಾಯಿಲರು ಅವನ ಮೊಮ್ಮಗ. ಹಡಗು ಹತ್ತಿ ಮರೆಯಾಗುವ ವರ್ತಕನಿಗೂ, ತಾನು ಮಾರಿದ ಕುದುರೆ ದಿನವೂ ತನ್ನ ಮನೆಯ ಮುಂದಿನ ರಸ್ತೆಯಲ್ಲಿಯೇ ಓಡಾಡುವುದನ್ನು ನೋಡಬೇಕಾದ ವರ್ತಕನಿಗೂ ಸ್ಥಿತಿ ಒಂದೇ ಅಲ್ಲ. ಬಾಲಕ್ಕೆ ಬೆಲೆ ಕೇಳುವ ಅವಕಾಶ ಎರಡನೆಯವನಿಗಿಲ್ಲ. ಅನಂತರ ಆಸ್ಟ್ರೇಲಿಯದ ವೇಲರ್ ಕುದುರೆಗಳು ಮದರಾಸಿನ ಮೂಲಕ ಸೈನ್ಯಕ್ಕೆ ಬಂದು ಅರಬ್ಬೀ ಕುದುರೆಯ ಸ್ಥಾನವನ್ನು ಬಹುಮಟ್ಟಿಗೆ ಆಕ್ರಮಿಸಿದವು. ಆಮೇಲೆ ಮೋಟಾರು ಬಂದು ಎರಡನ್ನೂ ಹೊರಡಿಸಿತು. ಟಿಪ್ಪುವಿನ ಕಾಲದಲ್ಲಿ ಸೈನ್ಯಕ್ಕಾಗಿ ಕುದುರೆ ಸಾಕಿದ ಕುಣಿಗಲ್ಲಿನಲ್ಲಿ ಈಚೆಗೆ ಬೆಳೆದದ್ದು ಪಂದ್ಯದ ಕುದುರೆ. ಅದರ ಹರಾಜಿನ ಪಟ್ಟಿಯಲ್ಲಿ ತಂದೆಯ ವಿಜಯಗಳು, ತಾಯಿಯ ಸಂತತಿ, ತಾಯಿಯ ತಾಯಿ ಗೆದ್ದ ಪಂದ್ಯಗಳು ಇವು ಸಾಲುಗಟ್ಟಿ ನಿಲ್ಲುತ್ತವೆ. ಕುಲವನ್ನು ಮೊದಲು ಬರೆಯಬೇಕೆಂಬ ಅರ್ಥಶಾಸ್ತ್ರದ ವಿಧಿ ಅಷ್ಟರಮಟ್ಟಿಗೆ ನಡೆದಿದೆ. ಕಾಲಿನ ಸಂಗತಿ ಬೇಕಾದವರು ಪಶುವೈದ್ಯರೊಬ್ಬರನ್ನು ಜೊತೆಗೆ ಕರೆದುಕೊಂಡು ಲಾಯಕ್ಕೆ ಹೋಗುತ್ತಾರೆ.